ಅಪ್‌ಡೇಟ್: ಹೈಫಾ ಕದನದ ಹಳೆಯ ಪತ್ರಿಕಾ ವರದಿಗಳು ಸಿಕ್ಕವು

ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ನಗರವನ್ನು ವಶಪಡಿಸಿಕೊಂಡ ಪಡೆಗಳಲ್ಲಿ ಒಂದಾದ, ಮೈಸೂರು ಸಂಸ್ಥಾನದ ಅಶ್ವದಳ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಆಗಿನ ಪತ್ರಿಕೆಗಳನ್ನು ಮನೆಯಿಂದಲೇ ಓದಬಹುದೇ ಎಂದು ಕೇಳಿದ್ದೆ. ಹಳೆಯ ಪತ್ರಿಕೆಗಳನ್ನು ಓದಲು ಸಿಗುವ, ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣ 'ಟ್ರೋವ್' ನೋಡಿ ಎಂದವರಿಗೆ ಧನ್ಯವಾದ. ಮೈಸೂರಿನ ಕುದುರೆ ಸವಾರರನ್ನು ಸಿಡ್ನಿಯ ಪತ್ರಿಕೆಯಲ್ಲೇಕೆ ಹುಡುಕಬೇಕು ಎನ್ನಿಸಿತ್ತು. ಆದರೆ ಹೈಫಾ ಗೆದ್ದ ಆ ದಂಡಯಾತ್ರೆಯಲ್ಲಿ ಬ್ರಿಟಿಷರ ಕಡೆಯ ಅಶ್ವದಳದ ನಾಯಕ ಹ್ಯಾರಿ ಶೋವೆಲ್ ಆಸ್ಟ್ರೇಲಿಯಾದವನು. ಅಲ್ಲಿನವರಿಗೆ ಅದು ಮನೆಯ ಸುದ್ದಿ.

ಬರೀ 'ಮೈಸೂರು' ಎಂದು ಹುಡುಕಿದರೆ ಚಿನ್ನದ ಗಣಿ, ಮಹಾರಾಜರು, ದಸರಾ ಎಲ್ಲವೂ ಮೈಮೇಲೆ ಬೀಳುತ್ತವೆ. 'ಮೈಸೂರು ಲ್ಯಾನ್ಸರ್ಸ್' ಎಂಬ ಎರಡು ಪದಗಳನ್ನೂ ಒಟ್ಟಿಗೆ ಉದ್ಧರಣ ಚಿಹ್ನೆಯೊಳಗೆ ಇಟ್ಟು, ಕಾಲಾವಧಿಯನ್ನು 1918ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಇಳಿಸಿದ ಮೇಲೆ ದಾರಿ ತಿಳಿಯಾಯಿತು. ಊರಿನ ಹೆಸರನ್ನು ಆಗ 'ಕೈಫಾ' ಎಂದೂ ಬರೆಯುತ್ತಿದ್ದರು, ಅದನ್ನೂ ಹಾಕಿ ನೋಡಿ. ಯಂತ್ರ ಓದಿದ ಪಠ್ಯದಲ್ಲಿ ಅಕ್ಷರಗಳು ಚಿತ್ರವಿಚಿತ್ರವಾಗಿರುತ್ತವೆ; ಪಕ್ಕದ ಮೂಲ ಪುಟದ ಚಿತ್ರವನ್ನೇ ನಂಬಿ. ತಪ್ಪನ್ನು ಓದುಗರೇ ತಿದ್ದಬಹುದು. ಒಂದು ಪ್ಯಾರಾ ತಿದ್ದಲು ಕುಳಿತವನು ಊಟದ ಹೊತ್ತನ್ನೇ ಮರೆತೆ!

ಲಂಡನ್ನಿನಿಂದ ಬಂದ ಒಂದೇ ತಂತಿ ಸುದ್ದಿಯನ್ನು ಹಲವು ಪತ್ರಿಕೆಗಳು ಅಚ್ಚು ಹಾಕಿವೆ. ಆದ್ದರಿಂದ ಫಲಿತಾಂಶದ ಸಂಖ್ಯೆ ನೋಡಿ ಹಿಗ್ಗಬೇಡಿ. ಪ್ರತಿ ಲೇಖನಕ್ಕೂ ಸ್ಥಿರವಾದ ಕೊಂಡಿ ಇದೆ, ಅದನ್ನು ಬರೆದಿಟ್ಟುಕೊಳ್ಳಿ. ಹಣ ಕೊಡಬೇಕಿಲ್ಲ. ಇನ್ನು ಇದೇ ಕದನದ ಕುರಿತ ಕನ್ನಡ ಪತ್ರಿಕೆಗಳ ವರದಿ ಯಾರಿಗಾದರೂ ಕಂಡಿದ್ದರೆ ತಿಳಿಸಿ.