ಮಿಲ್ಟ್ ಹಿಂಟನ್: ಯಾವ ಫೋಟೋದಲ್ಲಿ ನೆನೆಯೋದು?

ಗಾಂಧಿಬಜಾರ್ ಗಿರಿ: ಜಾಝ್ ಬೇಸಿಸ್ಟ್ ಮಿಲ್ಟ್ ಹಿಂಟನ್ ತೀರ್ಕೊಂಡಿದ್ದು 2000ದ ಡಿಸೆಂಬರ್ 19ಕ್ಕೆ, ತೊಂಬತ್ತು ವರ್ಷ ಆಗಿತ್ತು. ವಯಸ್ಸಾದ್ಮೇಲೆ ತೆಗೆದ ಅವರ ಕಪ್ಪುಬಿಳುಪು ಪೋರ್ಟ್ರೇಟ್ ಒಂದು ಹಾಕಿದೀನಿ, ಪಕ್ಕದಲ್ಲಿ ಬೇಸು ಅನ್ನೋ ಆಳೆತ್ತರದ ತಂತಿವಾದ್ಯ. ಆ ಬೆರಳು ನೋಡಿ ಸಾಕು, ಬೇರೆ ಜೀವನಚರಿತ್ರೆ ಯಾಕ್ ಬೇಕು.

ಶ್ರುತಿಪೆಟ್ಟಿಗೆ: ಗಿರಿ ಸರ್ ಬೇಜಾರಾಗ್ಬೇಡಿ, ಹಿಂಟನ್‌ನ ನೆನೆಯೋಕೆ ಹಿಂಟನ್ ಮುಖಾನೇ ಆಗ್ಬೇಕಾ? 1935ರಲ್ಲಿ ಹುಟ್ಟುಹಬ್ಬಕ್ಕೆ ಒಂದು ಕ್ಯಾಮೆರಾ ಸಿಕ್ತು, ಮರುವರ್ಷ ಕ್ಯಾಬ್ ಕ್ಯಾಲೊವೇ ಬ್ಯಾಂಡ್ ಸೇರಿದ್ರು, 1951ರವರೆಗೂ ಟ್ರೈನು ಸ್ಟೇಷನ್ನು ಸ್ಟೇಜ್ ಹಿಂದೆ ಅಂತ ಎಲ್ಲಾ ಕಡೆ ಕ್ಲಿಕ್ ಮಾಡ್ತಾನೇ ಇದ್ರು, ಆಮೇಲೆ ನ್ಯೂಯಾರ್ಕ್ ಸ್ಟುಡಿಯೋಗಳಲ್ಲೂ, ಒಟ್ಟು 60,000ದ ಹತ್ತಿರ ಫೋಟೋ. ಅಮೆರಿಕದ ದಕ್ಷಿಣದ ಸ್ಟೇಷನ್ನಲ್ಲಿ ಕರಿಯರಿಗೆ ಬೇರೆ ಬಾಗಿಲು ಅನ್ನೋ ಬೋರ್ಡ್ ಕೆಳಗೆ ಬ್ಯಾಂಡಿನವರು ನೀಟಾಗಿ ಡ್ರೆಸ್ ಮಾಡ್ಕೊಂಡು ನಿಂತಿರೋದಿದೆ ನೋಡಿ. ಅದನ್ನ ತೆಗೆದವರೂ ಅದೇ ಬಾಗಿಲಲ್ಲೇ ಹೋಗ್ಬೇಕಿತ್ತು.

ಮೂಲೆಮನೆ: ಎರಡೂ ಪಾರ್ಟಿಗೆ ನನ್ನ ವೋಟಿಲ್ಲ. ಬೇಸ್ ನುಡಿಸ್ದೋರನ್ನ ಕಣ್ಣಲ್ಲಿ ನೆನೆಯೋದು ಅಂದ್ರೆ ಊಟದ ಫೋಟೋ ನೋಡಿ ಹೊಟ್ಟೆ ತುಂಬಿಸ್ಕೊಂಡಂಗೆ. 1939ರ ‘ಪ್ಲಕಿನ್ ದ ಬೇಸ್’ ಹಾಕ್ಕೊಳ್ಳಿ, ಕ್ಯಾಲೊವೇ ಬ್ಯಾಂಡು ಅವರಿಗಂತಲೇ ಮಾಡಿದ್ದು, ತಂತಿ ಮರಕ್ಕೆ ಬಡಿಯೋ ಟಪ್ ಟಪ್ ಕೇಳ್ಸುತ್ತೆ. ಫೋನ್ ಸ್ಪೀಕರಲ್ಲಿ ಕೇಳ್ಬೇಡಿ, ಅದ್ರಲ್ಲಿ ಬೇಸ್ ಇದ್ರೂ ಒಂದೇ ಇಲ್ದಿದ್ರೂ ಒಂದೇ 😀

ಡಾರ್ಕ್‌ರೂಮ್ ಕಾಕಾ: ಅಲ್ರೀ, ನಾ ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡಿಸೇನಿ. ಗದ್ದ ಸ್ವಲ್ಪ ಮ್ಯಾಲೆ ಅಂದ ಕೂಡ್ಲೆ ಮನಷ್ಯಾ ಕಲ್ಲಾಗ್ತಾನ, ಫ್ಲಾಶ್ ಹೊಡದು ‘ಆತ್ರೀ’ ಅಂದಮ್ಯಾಲೆ ಉಸರ ಬಿಡ್ತಾನಲ್ಲ, ಅದು ಅವನ ಖರೇ ಮಾರಿ, ಆದ್ರ ಅಷ್ಟೊತ್ತಿಗೆ ನಮ್ಮ ರೀಲ್ ಮುಂದ ಹೋಗಿರ್ತದ. ಹಿಂಟನ್‌ಗೆ ಆ ಮಾರಿ ಸಿಕ್ಕಾವ, ಯಾಕಂದ್ರ ಅವ್ರು ಹೊರಗಿನ ಫೋಟೋಗ್ರಾಫರ್ ಅಲ್ಲ, ಪಕ್ಕದ ಸೀಟಿನಾಂವ.

ಗಾಂಧಿಬಜಾರ್ ಗಿರಿ: ಕಾಕಾ, ಪಕ್ಕದ ಸೀಟಿನವನಿಗೆ ಎಲ್ಲಾ ತೆಗೆಯೋ ಹಕ್ಕಿದ್ಯಾ? ಟ್ರೈನಲ್ಲಿ ನಿದ್ದೆ ಹೊಡೀತಿರೋರನ್ನ ತೆಗೆದಿದಾರೆ. 1959ರಲ್ಲಿ ಗಾಯಕಿ ಬಿಲ್ಲಿ ಹಾಲಿಡೇ ಕೊನೇ ರೆಕಾರ್ಡಿಂಗ್ ಟೈಮಲ್ಲೂ ತೆಗೆದ್ರು, ಎಷ್ಟು ಸೋತು ಹೋಗಿದಾರೆ ಆಕೆ, ಅದೇ ಜುಲೈನಲ್ಲಿ ಹೋಗ್ಬಿಟ್ರು. ನಂಗಂತೂ ನೋಡಕ್ಕಾಗಲ್ಲ.

ಶ್ರುತಿಪೆಟ್ಟಿಗೆ: ಆ ಸೆಷನ್ನಲ್ಲಿ ಬೇಸ್ ನುಡಿಸ್ತಿದ್ದದ್ದೇ ಹಿಂಟನ್ ಸರ್. ಆಕೆ ಹಾಡಿಗೆ ತಾಳ ಹಿಡಿದ ಕೈನೇ ಕ್ಯಾಮೆರಾ ಹಿಡಿದಿದ್ದು, ಪೇಪರ್‌ನೋರು ಬಂದು ತೆಗೆದಂಗಲ್ಲ. ಆದ್ರೂ ನೀವ್ ಹೇಳಿದ್ಮೇಲೆ ಇನ್ನೊಂದ್ಸಲ ನೋಡ್ದೆ, ಶೇರ್ ಮಾಡೋಕೆ ನಂಗೂ ಮನಸ್ಸು ಬರ್ಲಿಲ್ಲ ನಿಜ.

ಮೂಲೆಮನೆ: ಸರಿ, ಎಲ್ರನ್ನೂ ಇವ್ರು ತೆಗೆದ್ರು, ಇವ್ರನ್ನ ಯಾರು ತೆಗೆದ್ರು? ಆ ಫೇಮಸ್ ಗ್ರೂಪ್ ಫೋಟೋದಲ್ಲಿ ಇದಾರಾ, 1958ರದ್ದು, ನ್ಯೂಯಾರ್ಕಿನ ಹಾರ್ಲೆಮ್ ಬೀದೀಲಿ ಮೆಟ್ಟಿಲ ಮೇಲೆ 57 ಜನ?

ಶ್ರುತಿಪೆಟ್ಟಿಗೆ: ಇದಾರೆ, ಮಿಂಗಸ್ಸೂ ಇದಾರೆ, ಆಸ್ಕರ್ ಪೆಟಿಫೋರ್ಡೂ ಇದಾರೆ, ಬೇಸಿಸ್ಟ್‌ಗಳ ಜಾತ್ರೇನೇ. ಆ ಅಧಿಕೃತ ಫೋಟೋ ಆರ್ಟ್ ಕೇನ್ ತೆಗೆದಿದ್ದು. ಅವತ್ತೂ ಹಿಂಟನ್ ತಮ್ಮ ಕ್ಯಾಮೆರಾ ತಂದಿದ್ರು, ಜೊತೆಗೆ ಹೆಂಡ್ತಿ ಮೋನಾ ಕೈಗೆ 8 ಎಂಎಂ ಮೂವಿ ಕ್ಯಾಮೆರಾ ಕೊಟ್ಟಿದ್ರು. ಮುಂದೆ 1994ರಲ್ಲಿ ಆ ದಿನದ ಬಗ್ಗೆ ಡಾಕ್ಯುಮೆಂಟರಿ ಬಂದಾಗ ಮೋನಾ ಫಿಲ್ಮೇ ಅದ್ರ ಜೀವಾಳ ಆಯ್ತು, ಎಲ್ರೂ ಸ್ಥಿರವಾಗಿ ನಿಲ್ಲೋಕೆ ಮುಂಚೆ ಕೈ ಕುಲುಕ್ಕೊಂಡು ಹರಟೆ ಹೊಡೀತಿರೋದು ಎಲ್ಲಾ ಅದ್ರಲ್ಲಿದೆ.

ಡಾರ್ಕ್‌ರೂಮ್ ಕಾಕಾ: ನೋಡ್ರಿ, ಇದನ್ನ ನಾ ಹೇಳಿದ್ದು. ಲಿಂಕ್ ಒಗೀರಿ ಶ್ರುತಿಯವ್ರ.

ಗಾಂಧಿಬಜಾರ್ ಗಿರಿ: ಮೋನಾ ವಿಷಯ ನಂಗೆ ಗೊತ್ತಿರ್ಲಿಲ್ಲ, ಥ್ಯಾಂಕ್ಸ್. ನನ್ನ ಪೋರ್ಟ್ರೇಟ್ ಮಾತ್ರ ತೆಗೆಯಲ್ಲ, ಆ ಬೆರಳು ಬೆರಳೇ.

ಮೂಲೆಮನೆ: ತೆಗೀಬೇಡಿ ಸರ್. ಇಯರ್‌ಫೋನ್ ಚಾರ್ಜಿಗೆ ಹಾಕಿದೀನಿ, ರಾತ್ರಿ ಆ ಫೋಟೋ ಎದುರಿಗಿಟ್ಕೊಂಡು ಟಪ್ ಟಪ್ ಕೇಳ್ತೀನಿ.