ಫ್ರೆಂಚ್ ಡೇಗೆ ದಿಲ್‌ಪಸಂದ್

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಇಷ್ಟುದ್ದ ಟೈಪ್ ಮಾಡೋಕೆ ನನ್ನಿಂದ ಆಗಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಮಧ್ಯೆ ಕುಕ್ಕರ್ ಕೂಗಿದರೆ ಸಹಿಸಿಕೊಳ್ಳಿ ಎಲ್ಲರೂ.

ಗ್ರೂಪಿನಲ್ಲಿ ಮೇಲಿನ ಮೆಸೇಜ್ ಓದದವರಿಗೆ ಹೇಳಿಬಿಡುತ್ತೇನೆ. ಪುಟ್ಟಿ ಪಾಠ ಮಾಡುವ ಮೈಸೂರಿನ ಶಾಲೆಯಲ್ಲಿ ಮಾರ್ಚ್ 20ಕ್ಕೆ ಫ್ರೆಂಚ್ ಡೇ ಮಾಡಬೇಕಂತೆ. ಜವಾಬ್ದಾರಿ ಪೂರ್ತಿ ಇವಳ ತಲೆಗೆ ಕಟ್ಟಿದ್ದಾರೆ. ಥರ್ಮಾಕೋಲ್ ಐಫೆಲ್ ಟವರ್, ಫ್ಯಾಷನ್ ಶೋ, ಒಂದು ಹಾಡು, ಇಷ್ಟು ಯೋಚನೆ ಆಗಿದೆ. ಇನ್ನೇನು ಮಾಡಲಿ ಅತ್ತೆ ಅಂತ ಕೇಳಿದ್ದಾಳೆ.

ಪುಟ್ಟಿ, ಇನ್ನೇನೂ ಸೇರಿಸಬೇಡ. ಇರುವುದನ್ನೇ ಕಡಿಮೆ ಮಾಡು. ಥರ್ಮಾಕೋಲ್ ಟವರ್ ಮಾಡೋದು ಯಾರು ಹೇಳು? ಅಪ್ಪ-ಅಮ್ಮಂದಿರು ರಾತ್ರಿಯೆಲ್ಲ ಕೂತು ಅಂಟಿಸುತ್ತಾರೆ. ಬೆಂಗಳೂರಿನಲ್ಲಿ ಫ್ರೆಂಚ್ ಪಾಠ ಮಾಡುತ್ತಿದ್ದಾಗ ಇಂಥ ಕಾರ್ಯಕ್ರಮ ಎಷ್ಟೋ ನೋಡಿದ್ದೇನೆ. ನಿರೂಪಣೆ ಇಂಗ್ಲಿಷಿನಲ್ಲಿ, ಅತಿಥಿಗಳ ಭಾಷಣ ಇಂಗ್ಲಿಷಿನಲ್ಲಿ, ವಂದನಾರ್ಪಣೆಯೂ ಇಂಗ್ಲಿಷಿನಲ್ಲೇ. ಕಾಡಿಗೆಯಲ್ಲಿ ಮೀಸೆ ಬರೆಸಿಕೊಂಡು ಓರೆ ಟೋಪಿ ಹಾಕಿದ ಹುಡುಗನನ್ನು 'ಕೊಮಾ ಸಾ ವಾ', ಹೇಗಿದ್ದೀಯ, ಅಂತ ಕೇಳಿದರೆ ಟೀಚರ್ ಮುಖ ನೋಡುತ್ತಾನೆ. ಫೋಟೋ ಮಾತ್ರ ಚೆನ್ನಾಗಿ ಬರುತ್ತದೆ. ಫ್ರೆಂಚ್ ಆಡದೆ ಮಕ್ಕಳ ಕೆಲಸ ನಡೆಯಬಾರದು, ಅಂಥದ್ದು ಒಂದೆರಡು ಇಟ್ಟರೆ ಸಾಕು.

ಮೊದಲು ತಾರೀಖು ಬದಲಾಯಿಸು. ಮಾರ್ಚ್ 20 ಫ್ರಾಂಕೊಫೋನಿ ದಿನ, ಅಂದರೆ ಫ್ರೆಂಚ್ ಆಡುವವರೆಲ್ಲರ ದಿನ, ಸರಿ. 1970ರಲ್ಲಿ ಅದೇ ದಿನ ನೈಜರ್ ದೇಶದ ನಿಯಾಮೆಯಲ್ಲಿ ಫ್ರೆಂಚ್ ಬಳಸುವ 21 ದೇಶ-ಸರ್ಕಾರಗಳು ಸೇರಿ ಒಂದು ಸಂಸ್ಥೆ ಕಟ್ಟಿದವು. ಆಫ್ರಿಕಾದ ಊರೊಂದರಲ್ಲಿ ಹುಟ್ಟಿದ ದಿನಕ್ಕೆ ನಾವು ಬರೀ ಪ್ಯಾರಿಸ್ ಗೋಪುರ ನಿಲ್ಲಿಸುತ್ತೇವೆ, ಹೇಗಿದೆ ನೋಡು. ಸೆನೆಗಲ್, ಕಾಂಗೊ, ಕೆನಡಾದ ಕ್ವಿಬೆಕ್ ಎಲ್ಲ ಇರುವ ಒಂದು ಮ್ಯಾಪ್ ಆದರೂ ಗೋಡೆಗೆ ಹಾಕು. ಆದರೆ ಮಾರ್ಚ್‌ನಲ್ಲಿ ಪರೀಕ್ಷೆ ತಲೆಬಿಸಿ. ಯಾವ ಮಗುವಿಗೆ ಮನಸ್ಸಿರುತ್ತದೆ? ಜನವರಿ ಮೊದಲ ವಾರ ಇಟ್ಟುಕೋ. ಆನ್ಯುಯಲ್ ಡೇ ಗಲಾಟೆ ಮುಗಿದಿರುತ್ತದೆ, ಸಂಕ್ರಾಂತಿ ಇನ್ನೂ ಬಂದಿರುವುದಿಲ್ಲ.

ಜನವರಿ ಅಂದಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಜನವರಿ 6ರ ಎಪಿಫನಿ ಅನ್ನುವ ಕ್ರೈಸ್ತರ ಹಬ್ಬಕ್ಕೆ ಫ್ರಾನ್ಸಿನ ಮನೆಗಳಲ್ಲಿ ಗ್ಯಾಲೆಟ್ ತಿನ್ನುತ್ತಾರೆ. ಪದರ ಪದರವಾದ ದುಂಡಗಿನ ತಿಂಡಿ, ಒಳಗೆ ಬಾದಾಮಿ ಹೂರಣ, ಅದರಲ್ಲಿ ಒಂದು ಕಾಳು ಬಚ್ಚಿಟ್ಟಿರುತ್ತಾರೆ. ಈಗೀಗ ಕಾಳಿನ ಬದಲು ಪಿಂಗಾಣಿಯ ಪುಟಾಣಿ ಗೊಂಬೆ. ಎಲ್ಲರಿಗಿಂತ ಚಿಕ್ಕ ಮಗು ಮೇಜಿನ ಕೆಳಗೆ ಹೋಗಿ ಕೂರುತ್ತದೆ. ಮೇಲಿನವರು ಒಂದು ತುಂಡು ಎತ್ತಿ 'ಸೆ ಪೂರ್ ಕಿ', ಇದು ಯಾರಿಗೆ, ಅಂತ ಕೇಳುತ್ತಾರೆ. ಕೆಳಗಿಂದ ಮಗು ಒಬ್ಬೊಬ್ಬರ ಹೆಸರು ಕೂಗುತ್ತದೆ. ಮೋಸ ಮಾಡೋಕೆ ಆಗಲ್ಲ ಅಲ್ವಾ! ಕಾಳು ಸಿಕ್ಕವರಿಗೆ ಚಿನ್ನದ ಬಣ್ಣದ ಕಾಗದದ ಕಿರೀಟ, ಅವರೇ ರಾಜ ಅಥವಾ ರಾಣಿ. ಅಲ್ಲಿನ ಅಧ್ಯಕ್ಷರ ಅರಮನೆಗೆ ಹೋಗುವ ಗ್ಯಾಲೆಟ್‌ನಲ್ಲಿ ಮಾತ್ರ ಕಾಳು ಇಡುವುದಿಲ್ಲ. ಗಣರಾಜ್ಯದ ಅಧ್ಯಕ್ಷರು ರಾಜ ಆಗುವ ಹಾಗಿಲ್ಲವಲ್ಲ! ಇದನ್ನು ಎಂಟನೇ ಕ್ಲಾಸಿನವರಿಗೆ ಹೇಳು, ಖುಷಿಪಡುತ್ತಾರೆ.

ಗ್ಯಾಲೆಟ್ ಎಲ್ಲಿಂದ ತರಲಿ ಅನ್ನಬೇಡ. ಬೇಕರಿಯಲ್ಲಿ ದಿಲ್‌ಪಸಂದ್ ಸಿಗುತ್ತಲ್ಲ, ಅದೂ ದುಂಡಗೆ, ಅದರಲ್ಲೂ ಹೂರಣ. ಕತ್ತರಿಸದೆ ಇಡಿಯಾಗಿ ಕೊಡಿ, ಮೊಟ್ಟೆ ಬೇಡ, ಬೇಯಿಸಿದ ಒಂದು ಅವರೆಕಾಳು ಒಳಗೆ ಸೇರಿಸಿ ಅಂತ ಮುಂಚೆಯೇ ಹೇಳಿಡು. ಜನವರಿಯಲ್ಲಿ ಅವರೆಕಾಯಿಗೆ ಏನು ಬರ? ಗೊಂಬೆ ಗಿಂಬೆ ಬೇಡ, ಹಲ್ಲಿಗೆ ಸಿಕ್ಕಿದರೆ ಪೇರೆಂಟ್ಸ್ ಬಂದು ನಿಲ್ಲುತ್ತಾರೆ. ಬಾದಾಮಿಯೂ ಬೇಡ, ಕೆಲವು ಮಕ್ಕಳಿಗೆ ಆಗಿಬರುವುದಿಲ್ಲ. ಎಂಟು-ಹತ್ತು ಮಕ್ಕಳ ಒಂದು ಮೇಜಿಗೆ ಒಂದು ದಿಲ್‌ಪಸಂದ್.

ಇನ್ನೊಂದು, ಸಂತೆ. ದೊಡ್ಡ ಕ್ಲಾಸಿನವರು ಅಂಗಡಿ ಇಡಲಿ. ಬಾಳೆಹಣ್ಣು, ನಿಂಬೆ ಪಾನಕ, ಬನ್ನು, ಪೆನ್ಸಿಲ್. ಚಿಕ್ಕವರ ಕೈಗೆ ಕಾಗದದ ಯೂರೋ ಕೊಡು. ಅಂಗಡಿ ಮುಂದೆ ಬಂದವರು ಮೊದಲು 'ಬೊಂಜೂರ್', ನಮಸ್ಕಾರ, ಅನ್ನಬೇಕು. ಇಲ್ಲದಿದ್ದರೆ ಅಂಗಡಿಯವರು ಕತ್ತೆತ್ತಿಯೂ ನೋಡಬಾರದು. ಫ್ರಾನ್ಸಿನಲ್ಲೂ ಬೊಂಜೂರ್ ಹೇಳದೆ ಸೀದಾ ಸಾಮಾನು ಕೇಳಿದರೆ ಮುಖ ಗಂಟು ಹಾಕುತ್ತಾರೆ. ಆಮೇಲೆ 'ಜ ವೂದ್ರೆ ಯೂನ್ ಬನಾನ್, ಸಿಲ್ ವು ಪ್ಲೇ', ದಯವಿಟ್ಟು ಒಂದು ಬಾಳೆಹಣ್ಣು ಬೇಕಿತ್ತು, ಅನ್ನಬೇಕು. ಬೆಲೆ ಕೇಳಬೇಕು, ಚೌಕಾಸಿ ಮಾಡಬೇಕು. ಆರನೇ ಕ್ಲಾಸಿಗೆ ಬೆಲೆ ಇಪ್ಪತ್ತರೊಳಗೆ ಇರಲಿ. ಎಂಟನೆಯವರಿಗೆ ಬೇಕಂತಲೇ 92 ಇಡು. ನಾಲ್ಕು ಇಪ್ಪತ್ತು ಮತ್ತು ಹನ್ನೆರಡು ಅಂತ ಲೆಕ್ಕ ಹಾಕಿ 'ಕತ್ರ್ ವ್ಯಾಂ ದೂಜ್' ಅನ್ನುವಷ್ಟರಲ್ಲಿ ಬೆವರಿಳಿಯುತ್ತದೆ. ತಪ್ಪು ಹೇಳಿದರೂ ಸಾಮಾನು ಕೊಡಲಿ. ನೀನು ಮಾತ್ರ ಮಧ್ಯೆ ಹೋಗಿ ತಿದ್ದಬೇಡ, ಆಮೇಲೆ ಯಾರೂ ಬಾಯಿ ಬಿಡಲ್ಲ.

ಅಣ್ಣ, 'ನಮ್ಮೂರಿಗೂ ಫ್ರೆಂಚಿಗೂ ಏನು ಸಂಬಂಧ, ಮಕ್ಕಳಿಗೆ ಕನ್ನಡವೇ ನೆಟ್ಟಗೆ ಬರಲ್ಲ' ಅಂತ ಬರೆದಿದ್ದೀಯಲ್ಲ. ಕನ್ನಡ ಬರಲ್ಲ ಅನ್ನೋದು ನಿಜ, ಅದಕ್ಕೆ ಫ್ರೆಂಚ್ ಪೀರಿಯಡ್ ಕಾರಣ ಅಲ್ಲ. ಸಂಬಂಧಕ್ಕೆ ಪಾಂಡವಪುರ ನೋಡು. ಹಿರೋಡೆ ಅಂತಿದ್ದ ಊರನ್ನು ಇಂಗ್ಲಿಷರು ಫ್ರೆಂಚ್ ರಾಕ್ಸ್ ಅಂತ ಕರೆದಿದ್ದೇ ಹೈದರ್-ಟಿಪ್ಪು ಕಡೆಯ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದಕ್ಕೆ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಹದಿನಾರನೇ ಲೂಯಿಯ ಆಸ್ಥಾನಕ್ಕೇ ಹೋಗಿ ಬಂದರು. ಪುಟ್ಟಿ, ಇದನ್ನೇ ಐದು ನಿಮಿಷದ ನಾಟಕ ಮಾಡಿಸು. ಫ್ಯಾಷನ್ ಶೋ ಬಿಡು. ರಾಯಭಾರಿ ಪಾತ್ರದವರು ಕನ್ನಡದಲ್ಲಿ ಮಾತಾಡಲಿ, ರಾಜ ಫ್ರೆಂಚಿನಲ್ಲಿ, ನಡುವೆ ಒಬ್ಬ ದುಭಾಷಿ ಒದ್ದಾಡಲಿ. ಆಗ ಈ ನಿನ್ನ ದೊಡ್ಡಪ್ಪನೂ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ, ನೋಡುತ್ತಿರು.

ಎಷ್ಟು ಸೆಕ್ಷನ್, ಒಟ್ಟು ಎಷ್ಟು ಮಕ್ಕಳು ಅಂತ ಸಂಜೆಯೊಳಗೆ ಹಾಕು. ಸಂತೆಗೆ ಬೇಕಾದ ವಾಕ್ಯಗಳ ಚೀಟಿ ನನ್ನ ಹಳೆ ಫೈಲಿನಲ್ಲಿ ಇರಬೇಕು, ಹುಡುಕಿ ಫೋಟೋ ತೆಗೆದು ಕಳಿಸುತ್ತೇನೆ. ಅತಿಥಿಗಳನ್ನು ಕರೆಯಲೇಬೇಕು ಅಂದರೆ ಭಾಷಣ ಬೇಡ, ಅವರ ಕೈಗೂ ಹತ್ತು ಯೂರೋ ಕೊಟ್ಟು ಸಂತೆಗೆ ಕಳಿಸು.