ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ಆಖೆನ್‌ಗೆ ರೈಲು ಟಿಕೆಟ್: ಪಾವತಿ ಆಗುತ್ತಿಲ್ಲ, ಯಾವ ದರದ ಟಿಕೆಟ್ ಕೊಳ್ಳಬೇಕೆಂದೂ ತಿಳಿಯುತ್ತಿಲ್ಲ

ಜಗತ್_ಕಲಬುರಗಿ:

ಎಲ್ಲರಿಗೂ ಶರಣು. ನನ್ನ ಮಗಳು ಎಂ.ಎಸ್. ಓದಲು ಸೆಪ್ಟೆಂಬರ್ ಕೊನೆಯ ವಾರ ಜರ್ಮನಿಯ ಆಖೆನ್ ನಗರಕ್ಕೆ ಹೊರಟಿದ್ದಾಳೆ. ಕಲಬುರಗಿಯಿಂದ ಹೈದರಾಬಾದಿನವರೆಗೆ ಬಸ್ಸು, ಅಲ್ಲಿಂದ ಮಧ್ಯರಾತ್ರಿ ದಾಟಿದ ಮೇಲೆ ಹೊರಡುವ ವಿಮಾನ. ಅದು ಬೆಳಿಗ್ಗೆ 7ರ ಸುಮಾರಿಗೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುತ್ತದೆ. ಒಬ್ಬಳೇ ಹೋಗುವವಳಿಗೆ ಮುಂದಿನ ರೈಲು ಟಿಕೆಟನ್ನೂ ಜರ್ಮನ್ ರೈಲ್ವೆಯ ತಾಣದಲ್ಲಿ ಇಲ್ಲಿಂದಲೇ ಮಾಡಿಸಿ ಕೊಡಬೇಕೆಂದು ಪ್ರಯತ್ನಿಸುತ್ತಿದ್ದೇನೆ, ಆದರೆ ಹಣ ಕಟ್ಟುವ ಹಂತಕ್ಕೆ ಬಂದು ಕೆಲಸ ನಿಂತುಹೋಗುತ್ತಿದೆ. ರುಪೇ ಡೆಬಿಟ್ ಕಾರ್ಡಿಗೆ ಆಯ್ಕೆಯೇ ಕಾಣುತ್ತಿಲ್ಲ. ವೀಸಾ ಡೆಬಿಟ್ ಕಾರ್ಡಿನ ವಿವರ ತುಂಬಿದರೆ ಒಟಿಪಿ ಬರುವ ಮೊದಲೇ ಪಾವತಿ ತಿರಸ್ಕೃತವಾಗಿದೆ ಎಂಬ ಸೂಚನೆ ಬರುತ್ತದೆ. ಖಾತೆಯಲ್ಲಿ ಹಣ ಸಾಕಷ್ಟಿದೆ.

ಇದಲ್ಲದೆ, ವಿಮಾನ ನಿಲ್ದಾಣದ ಹೆಸರು ಕೊಟ್ಟು ಹುಡುಕಿದರೆ ಫರ್ನ್‌ಬಾನ್‌ಹೋಫ್ ಎಂದೂ ರೆಗಿಯೋನಾಲ್‌ಬಾನ್‌ಹೋಫ್ ಎಂದೂ ಎರಡು ರೈಲು ನಿಲ್ದಾಣಗಳು ತೋರುತ್ತಿವೆ. ಒಂದೇ ರೈಲಿಗೆ ಬೇರೆ ಬೇರೆ ದರಗಳಿದ್ದು, ಯಾವುದರಲ್ಲೂ ಸೀಟಿನ ಸಂಖ್ಯೆ ಇಲ್ಲ. ಬಸ್ಸು ಇನ್ನೂ ಅಗ್ಗವಾಗಿ ಕಾಣುತ್ತದೆ. ಅವಳ ಬಳಿ 23 ಕೆ.ಜಿ.ಯ ಎರಡು ಸೂಟ್‌ಕೇಸ್ ಇರುತ್ತವೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಬಿದರಿ_ಬೀದರ್:

ಸರ್, ನಮಸ್ಕಾರ. ಖಾತೆಯಲ್ಲಿ ಹಣವಿದ್ದೂ ಒಟಿಪಿ ಬರುವ ಮೊದಲೇ ತಿರಸ್ಕೃತವಾಗುತ್ತಿದ್ದರೆ, ನಿಮ್ಮ ಕಾರ್ಡಿನಲ್ಲಿ ವಿದೇಶಿ ವಹಿವಾಟು ಬಂದ್ ಆಗಿರುವ ಸಾಧ್ಯತೆಯೇ ಹೆಚ್ಚು. ರಿಸರ್ವ್ ಬ್ಯಾಂಕ್ 2020ರಲ್ಲಿ ಜಾರಿಗೆ ತಂದ ನಿಯಮದ ಪ್ರಕಾರ, ಹೊಸ ಕಾರ್ಡುಗಳು ಭಾರತದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಗಳಲ್ಲಿ ಮಾತ್ರ ನಡೆಯುವಂತೆ ಗ್ರಾಹಕರ ಕೈಸೇರುತ್ತವೆ. ಆನ್‌ಲೈನ್ ಮತ್ತು ವಿದೇಶಿ ವಹಿವಾಟು ಬೇಕಾದವರು ತಾವೇ ಅದನ್ನು ಚಾಲೂ ಮಾಡಿಕೊಳ್ಳಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ನಿಯಂತ್ರಣದ ಪುಟವನ್ನು ತೆರೆದು, ಅಂತರರಾಷ್ಟ್ರೀಯ ಬಳಕೆಯ ಕೆಳಗಿರುವ ಆನ್‌ಲೈನ್ ಗುಂಡಿಯನ್ನು ಚಾಲೂ ಮಾಡಿ, ಅದರ ಪಕ್ಕದಲ್ಲಿರುವ ಮಿತಿಯನ್ನೂ ನೋಡಿ. ಗುಂಡಿ ಚಾಲೂ ಇದ್ದು ಮಿತಿ ಸೊನ್ನೆಯಾಗಿದ್ದರೂ ಪಾವತಿ ನಿಲ್ಲುತ್ತದೆ. ಯುಪಿಐ ಅಲ್ಲಿ ನಡೆಯುವುದಿಲ್ಲ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬೇಕು.

ವಿಳಾಸ ತುಂಬುವಲ್ಲಿ ದೇಶ ಭಾರತ ಎಂದು ಮೊದಲು ಆರಿಸಿಕೊಳ್ಳಿ. ಜರ್ಮನಿಯ ಪಿನ್ ಕೋಡ್ ಐದಂಕಿಯದು, ನಮ್ಮದು ಆರಂಕಿಯದು. ದೇಶ ಬದಲಿಸದೆ 585101 ಎಂದು ತುಂಬಿದರೆ ಅರ್ಜಿ ಒಪ್ಪದಿರಬಹುದು. ರೂಪಾಯಿಯಿಂದ ಯೂರೋಗೆ ಬದಲಾಗುವಾಗ ಬ್ಯಾಂಕು ತನ್ನ ಶುಲ್ಕವನ್ನೂ ಸೇರಿಸುವುದರಿಂದ, ಕಡಿತವಾಗುವ ಮೊತ್ತ ಗೂಗಲ್ ತೋರಿಸುವ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚಿರುತ್ತದೆ. ಹಣ ಕಡಿತವಾಗಿ ಟಿಕೆಟ್ ಬಾರದಿದ್ದರೆ ತಕ್ಷಣ ಮತ್ತೆ ಪಾವತಿಸಬೇಡಿ. ತಾಣದಲ್ಲಿ ನಿಮ್ಮ ಆರ್ಡರ್ ದಾಖಲಾಗಿದೆಯೇ ಎಂದು ಮೊದಲು ನೋಡಿ.

ಸುರಪುರದಾಕೆ:

ಸರ್, ನಾನು ಯಾದಗಿರಿ ಜಿಲ್ಲೆಯ ಸುರಪುರದವಳು, ಈಗ ಕೆಲಸದ ನಿಮಿತ್ತ ಕಲೋನ್‌ನಲ್ಲಿದ್ದೇನೆ. ಕಾರ್ಡಿನ ವಿಷಯವನ್ನು ಬೀದರಿನ ಅಣ್ಣನವರು ಸರಿಯಾಗಿ ಹೇಳಿದ್ದಾರೆ. ಆದರೆ ಕಾರ್ಡ್ ಸರಿಹೋದ ಕೂಡಲೇ ಆ ಅಗ್ಗದ ಟಿಕೆಟನ್ನು ಕೊಂಡುಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ನಿಜವಾದ ತೊಂದರೆ ಇರುವುದು ಅಲ್ಲಿ.

ಜರ್ಮನ್ ರೈಲ್ವೆಯಲ್ಲಿ ಸೂಪರ್ ಶ್ಪಾರ್‌ಪ್ರೈಸ್ ಮತ್ತು ಶ್ಪಾರ್‌ಪ್ರೈಸ್ ಎಂಬ ಅಗ್ಗದ ಟಿಕೆಟುಗಳು, ಅವುಗಳ ಮೇಲೆ ಮುದ್ರಿತವಾಗಿರುವ ಐಸಿಇ (ದೂರ ಪ್ರಯಾಣದ ವೇಗದ ಗಾಡಿ) ರೈಲಿಗೆ ಮಾತ್ರ ಸಲ್ಲುತ್ತವೆ. ಸೂಪರ್ ಶ್ಪಾರ್‌ಪ್ರೈಸ್ ಕೊಂಡ ಮೇಲೆ ರದ್ದು ಮಾಡಲೂ ಬರುವುದಿಲ್ಲ. ಫ್ಲೆಕ್ಸ್‌ಪ್ರೈಸ್ ದುಬಾರಿ, ಆದರೆ ಆ ದಿನ ಆ ಮಾರ್ಗದ ಯಾವ ರೈಲನ್ನಾದರೂ ಹತ್ತಬಹುದು. ರೈಲ್ವೆಯ ತಪ್ಪಿನಿಂದಲೇ ಗುರಿ ತಲುಪುವುದು 20 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ತಡವಾಗುವಂತಿದ್ದರೆ ಅಗ್ಗದ ಟಿಕೆಟಿನವರೂ ಬೇರೆ ರೈಲು ಹತ್ತಬಹುದು. 60 ನಿಮಿಷ ತಡವಾದರೆ ದರದ ಕಾಲು ಭಾಗ, 120 ನಿಮಿಷವಾದರೆ ಅರ್ಧ ಹಿಂದಿರುಗುತ್ತದೆ. ಆದರೆ ವಿಮಾನ ತಡವಾಗಿ ಇಳಿದರೆ, ಅಥವಾ ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲಿ ಹೊತ್ತು ಹೋದರೆ, ಪ್ರತ್ಯೇಕವಾಗಿ ಕೊಂಡ ರೈಲು ಟಿಕೆಟಿಗೆ ಅದು ಕಾರಣವಾಗಿ ಸಲ್ಲುವುದಿಲ್ಲ. ನಮ್ಮ ರೈಲ್ವೆಯಲ್ಲಿ 2019ರಿಂದ ಎರಡು ಪಿಎನ್ಆರ್‌ಗಳನ್ನು ಜೋಡಿಸಿ, ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ ಹಣ ಹಿಂಪಡೆಯುವ ಸೌಲಭ್ಯವಿದೆ. ನೀವು ಬೇರೆ ಬೇರೆ ಕಡೆ ಕೊಂಡ ವಿಮಾನದ ಟಿಕೆಟಿಗೂ ಇಲ್ಲಿನ ರೈಲಿನ ಟಿಕೆಟಿಗೂ ಅಂಥ ಯಾವ ಸಂಬಂಧವೂ ಇರುವುದಿಲ್ಲ.

ಆದ್ದರಿಂದ ವಿಮಾನ ಇಳಿಯುವ ಹೊತ್ತನ್ನಲ್ಲ, ತಂಗಿ ಸಾಮಾನು ಹಿಡಿದು ಹೊರಗೆ ಬರುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯಿರಿ. 7ಕ್ಕೆ ಇಳಿದವರು 8ಕ್ಕೇ ಹೊರಬರುವುದೂ ಉಂಟು, 9 ದಾಟುವುದೂ ಉಂಟು. ಅಗ್ಗದ ಟಿಕೆಟೇ ಬೇಕೆಂದರೆ 10 ಗಂಟೆಗಿಂತ ಮೊದಲಿನ ರೈಲು ಬೇಡ. ಮೊದಲ ಬಾರಿ ಬರುವ ಮಗಳಿಗೆ ಫ್ಲೆಕ್ಸ್‌ಪ್ರೈಸೇ ಸರಿ ಎಂಬುದು ನನ್ನ ಅಭಿಪ್ರಾಯ; ಗಾಡಿ ತಪ್ಪೀತೆಂಬ ದಿಗಿಲಿನಲ್ಲಿ ಎರಡು ಪೆಟ್ಟಿಗೆಗಳನ್ನು ಎಳೆದುಕೊಂಡು ಓಡಬೇಕಾಗಿಲ್ಲ. ತಾಣದಲ್ಲಿರುವುದು ಜರ್ಮನಿಯ ಸಮಯ, ಸೆಪ್ಟೆಂಬರಿನಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ವಿಮಾನ ಮಧ್ಯರಾತ್ರಿಯ ನಂತರ ಹೊರಡುವುದರಿಂದ ರೈಲಿನ ತಾರೀಖೂ ವಿಮಾನದ ತಾರೀಖೂ ಒಂದೇ. ಕಲಬುರಗಿ ಬಿಡುವುದು ಮಾತ್ರ ಅದರ ಹಿಂದಿನ ದಿನ.

ನಿಲ್ದಾಣದ ವಿಷಯಕ್ಕೆ ಬಂದರೆ, ಐಸಿಇ ಗಾಡಿಗಳು ದೂರ ಪ್ರಯಾಣದ ಫರ್ನ್‌ಬಾನ್‌ಹೋಫ್‌ನಿಂದ ಹೊರಡುತ್ತವೆ. ಅಲ್ಲಿನ ಪ್ಲಾಟ್‌ಫಾರ್ಮ್‌ಗಳು 4ರಿಂದ 7. ಒಂದನೆಯ ಟರ್ಮಿನಲ್ಲಿನ ಕೆಳಗಿರುವ ರೆಗಿಯೋನಾಲ್‌ಬಾನ್‌ಹೋಫ್‌ನಲ್ಲಿ 1ರಿಂದ 3ರವರೆಗೆ ಸ್ಥಳೀಯ ಗಾಡಿಗಳು ಬರುತ್ತವೆ. ಟಿಕೆಟಿನ ಮೇಲಿನ ಪ್ಲಾಟ್‌ಫಾರ್ಮ್ ಸಂಖ್ಯೆ ನೋಡಿದರೇ ಎಲ್ಲಿಗೆ ಹೋಗಬೇಕೆಂದು ಗೊತ್ತಾಗುತ್ತದೆ. ಆಖೆನ್‌ಗೆ ನೇರವಾಗಿ ಹೋಗುವ ಐಸಿಇ ಗಾಡಿ ಬೆಲ್ಜಿಯಂನ ಬ್ರಸೆಲ್ಸ್‌ವರೆಗೆ ಓಡುವುದರಿಂದ, ಫಲಕದಲ್ಲಿ ದೊಡ್ಡದಾಗಿ ಬ್ರಸೆಲ್ಸ್ ಎಂದೇ ಇರುತ್ತದೆ. ಆಕೆ ಗಾಡಿಯ ಸಂಖ್ಯೆಯನ್ನು ನೋಡಿ ಹತ್ತಲಿ. ಉಳಿದ ಹೊತ್ತಿನಲ್ಲಿ ಕಲೋನ್‌ನಲ್ಲಿ ಗಾಡಿ ಬದಲಿಸಬೇಕು. ಕೆಲವು ಐಸಿಇ ಗಾಡಿಗಳು ಕಲೋನ್‌ನ ಮುಖ್ಯ ನಿಲ್ದಾಣಕ್ಕೆ ಹೋಗದೆ ರೈನ್ ನದಿಯ ಆಚೆಗಿರುವ ಮೆಸ್ಸೆ/ಡಾಯ್ಟ್ಸ್ ನಿಲ್ದಾಣದಲ್ಲಿ ನಿಲ್ಲುತ್ತವೆ. ಸಾಮಾನು ಹೆಚ್ಚಿರುವಾಗ ನೇರ ಗಾಡಿಯನ್ನೇ ಆರಿಸಿಕೊಳ್ಳಿ.

ಸೀಟಿನ ಸಂಖ್ಯೆ ಇಲ್ಲದಿರುವುದು ದೋಷವಲ್ಲ. ಇಲ್ಲಿ ಟಿಕೆಟ್ ಬೇರೆ, ಸೀಟು ಬೇರೆ. ವೇಟಿಂಗ್ ಲಿಸ್ಟ್ ಎಂಬುದಿಲ್ಲ, ಸೀಟು ಕಾಯ್ದಿರಿಸಲು ಎರಡನೇ ದರ್ಜೆಯಲ್ಲಿ ಸುಮಾರು 5 ಯೂರೋ ಹೆಚ್ಚು ಕೊಡಬೇಕು. ಅದನ್ನು ಕಾಯ್ದಿರಿಸಿದರೆ ಆ ಒಂದು ಗಾಡಿಗೆ ಮಾತ್ರ ಸಲ್ಲುತ್ತದೆ. ಗಾಡಿ ತಪ್ಪಿದರೂ ಫ್ಲೆಕ್ಸ್‌ಪ್ರೈಸ್ ಟಿಕೆಟಿಗೆ ಬಾಧೆಯಿಲ್ಲ.

ಬಸ್ಸನ್ನು ನಾನು ಸೂಚಿಸುವುದಿಲ್ಲ. ಫ್ಲಿಕ್ಸ್‌ಬಸ್ ಟಿಕೆಟಿನಲ್ಲಿ ಸಾಮಾನ್ಯವಾಗಿ ಕೈಚೀಲವೊಂದು, ಕೆಳಗಿಡಲು 20 ಕೆ.ಜಿ.ಯ ಪೆಟ್ಟಿಗೆಯೊಂದು ಮಾತ್ರ ಸೇರಿರುತ್ತವೆ. ನಿಮ್ಮ ಮಗಳ ಪೆಟ್ಟಿಗೆಗಳು ತೂಕದಲ್ಲೂ ಸಂಖ್ಯೆಯಲ್ಲೂ ಅದನ್ನು ಮೀರುತ್ತವೆ. ರೈಲಿನಲ್ಲಿ ಪೆಟ್ಟಿಗೆಯನ್ನು ತೂಗುವವರಿಲ್ಲ, ಎತ್ತಿಡಲು ಕೂಲಿಯವರೂ ಇರುವುದಿಲ್ಲ.

ಜಗತ್_ಕಲಬುರಗಿ:

ಅಕ್ಕಾವರೇ, ಅಣ್ಣಾವರೇ, ಇಬ್ಬರಿಗೂ ಅನಂತ ಧನ್ಯವಾದಗಳು. ಆ್ಯಪ್‌ನಲ್ಲಿ ವಿದೇಶಿ ಆನ್‌ಲೈನ್ ವಹಿವಾಟು ಬಂದ್ ಆಗಿಯೇ ಇತ್ತು. ಚಾಲೂ ಮಾಡಿ ಮಿತಿಯನ್ನು ಏರಿಸಿದ ಮೇಲೆ ಒಟಿಪಿ ಬಂದು ಪಾವತಿಯಾಯಿತು. ನೇರ ಗಾಡಿಗೆ ಫ್ಲೆಕ್ಸ್‌ಪ್ರೈಸ್ ಕೊಂಡಿದ್ದೇವೆ. ವಿಶ್ವವಿದ್ಯಾಲಯ ಕೊಡುವ ಸೆಮಿಸ್ಟರ್ ಟಿಕೆಟಿನಲ್ಲೇ ಈ ಪ್ರಯಾಣ ಮಾಡಬಹುದಿತ್ತೆಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ, ಇದು ನಿಜವೇ? ಟಿಕೆಟ್ ಮೊಬೈಲಿನಲ್ಲಿದ್ದರೆ ಸಾಕೇ?

ಸುರಪುರದಾಕೆ:

ಇಲ್ಲ ಸರ್. ಚಳಿಗಾಲದ ಸೆಮಿಸ್ಟರ್ ಆರಂಭವಾಗುವುದೇ ಅಕ್ಟೋಬರ್ 1ಕ್ಕೆ, ಆಕೆ ಬರುವುದು ಅದಕ್ಕೂ ಮೊದಲು. ಅದೂ ಅಲ್ಲದೆ, ವಿದ್ಯಾರ್ಥಿಗಳಿಗೆ ಸಿಗುವ ಡಾಯ್ಚ್‌ಲಾಂಡ್ ಟಿಕೆಟ್ ಪ್ರಾದೇಶಿಕ ಗಾಡಿಗಳಿಗೆ ಮಾತ್ರ ಸಲ್ಲುತ್ತದೆ, ಐಸಿಇಗೆ ನಡೆಯುವುದಿಲ್ಲ.

ಮೊಬೈಲಿನಲ್ಲಿದ್ದರೆ ಸಾಕು, ಆದರೆ ಪಿಡಿಎಫ್ ಪ್ರತಿಯನ್ನು ಫೋನಿನಲ್ಲೇ ಉಳಿಸಿಕೊಂಡು, ಒಂದು ಮುದ್ರಿತ ಪ್ರತಿಯನ್ನೂ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಲಿ. ಟಿಕೆಟ್ ಪರೀಕ್ಷಕರು ಕೇಳಿದರೆ ಎರಡನ್ನೂ ಒಟ್ಟಿಗೆ ತೋರಿಸಬಹುದು. ವಿಮಾನ ನಿಲ್ದಾಣದಲ್ಲಿ ಉಚಿತ ವೈ-ಫೈ ಇದೆ. ಒಟಿಪಿ ಬರುವ ಸಿಮ್‌ಗೆ ಹೊರಡುವ ಮುನ್ನವೇ ರೋಮಿಂಗ್ ಚಾಲೂ ಮಾಡಿಸಿ, ಇಲ್ಲಿಗೆ ಬಂದ ಮೇಲೂ ಕಾರ್ಡ್ ಬಳಸಲು ಅದು ಬೇಕಾಗುತ್ತದೆ.